ನಾಲ್ಕನೇ ಪ್ಯಾರಾ

ಆ ಕರಡು ಹನ್ನೊಂದು ಹಾಳೆಯದು. ಇಂಗ್ಲಿಷಿನಲ್ಲಿ ಟೈಪು ಮಾಡಿ ಸೈಕ್ಲೋಸ್ಟೈಲ್ ತೆಗೆದದ್ದು. ದಿಲ್ಲಿ, ಬೆಂಗಳೂರು, ಗುಲ್ಬರ್ಗಾ ಮೂರೂ ಕಡೆಯ ಮೊಹರು ಹೊಡೆಸಿಕೊಂಡು ರಾಯಚೂರಿನ ನಮ್ಮ ಕಚೇರಿಗೆ ಬಂದಾಗ ಮೊದಲ ಹಾಳೆಗೆ ಯಾರದೋ ಎಣ್ಣೆಗೈ ತಾಗಿ, ಮೂಲೆಯಲ್ಲಿ ಹಿಂದಿನ ಹಾಳೆಯ ಅಕ್ಷರ ಕಾಣುತ್ತಿತ್ತು. ಹದಿನೈದು ದಿನದೊಳಗೆ ಅಭಿಪ್ರಾಯ ಕಳಿಸಬೇಕೆಂದು ಮೇಲಿನ ಪತ್ರ ಹೇಳುತ್ತಿತ್ತು. ಆರು ದಿನ ಹಾದಿಯಲ್ಲೇ ಹೋಗಿದ್ದವು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು ಬೇಸಿಗೆ ಅದು. ಯಾವ ವರ್ಷ ಎಂದು ನೆನಪಿನ ಮೇಲೆ ಬರೆಯಲು ಧೈರ್ಯವಿಲ್ಲ. ನಾನು ಆಗ ಜಿಲ್ಲೆಯ ಜಾನುವಾರು ರೋಗಗಳ ವರದಿಗಳನ್ನು ಒಟ್ಟು ಮಾಡಿ ಮೇಲಕ್ಕೆ ಕಳಿಸುವ ಪಶುವೈದ್ಯ. ಕಚೇರಿಯ ಕಿಟಕಿಯಿಂದ ಕೋಟೆಗೋಡೆಯ ಒಂದು ತುಂಡು ಕಾಣುತ್ತಿತ್ತು. ಮಧ್ಯಾಹ್ನವಾದರೆ ಹತ್ತಿ ಜಿನ್ನಿನ ಕಡೆಯಿಂದ ಸಣ್ಣ ಅರಳೆ ತೇಲಿ ಬಂದು ಇಂಕುಪ್ಯಾಡಿನ ಮೇಲೆ ಕೂರುತ್ತಿತ್ತು. ಅದನ್ನು ಊದಿ ಮೊಹರು ಒತ್ತುವುದು ನಮಗೆಲ್ಲ ಅಭ್ಯಾಸವಾಗಿತ್ತು.

ಕರಡು ಏನೆಂದು ನಮ್ಮ ಉಪನಿರ್ದೇಶಕರು ವಿವರಿಸಿದರು. ಒಂದು ದೇಶ ಇನ್ನೊಂದರಿಂದ ದನ, ಕುರಿ, ಮಾಂಸ, ಚರ್ಮ ಕೊಳ್ಳುವಾಗ ರೋಗವೂ ಜೊತೆಗೆ ಬಂದೀತೆಂಬ ಹೆದರಿಕೆ ಇರುತ್ತದೆ. ಒಬ್ಬೊಬ್ಬರು ಒಂದೊಂದು ನಿಯಮ ಹಾಕಿದರೆ ವ್ಯಾಪಾರ ನಡೆಯುವುದಿಲ್ಲ. ಹಾಗಾಗಿ ಬಹಳ ದೇಶಗಳ ಪಶುವೈದ್ಯರು ಯುರೋಪಿನ ಒಂದು ಊರಿನಲ್ಲಿ ವರ್ಷಕ್ಕೊಮ್ಮೆ ಸೇರುತ್ತಾರೆ. ನಾಲ್ಕಾರು ತಜ್ಞರು ಮೊದಲು ಕರಡು ಬರೆಯುತ್ತಾರೆ. ಅದು ಎಲ್ಲ ದೇಶಗಳಿಗೆ ಹೋಗುತ್ತದೆ, ಆಕ್ಷೇಪಣೆ ಹೊತ್ತು ಹಿಂದಿರುಗುತ್ತದೆ, ತಿದ್ದಿಸಿಕೊಂಡು ಮತ್ತೆ ಹೋಗುತ್ತದೆ. ಎಲ್ಲರೂ ಒಪ್ಪಿದ ಮೇಲೆ ನಿಯಮ. ಒಂದು ವಾಕ್ಯಕ್ಕೆ ನಾಲ್ಕೈದು ವರ್ಷ ಹಿಡಿದದ್ದೂ ಉಂಟು.

"ಜಿಲ್ಲಾಕ್ಕ ಇಂಥಾದ್ದು ಬರೂದು ಅಪರೂಪ," ಎಂದರು ಸಾಹೇಬರು. ಮಾತಿಗೊಮ್ಮೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುವುದು ಅವರ ಚಾಳಿ. "ಯಾರೋ ಪುಣ್ಯಾತ್ಮ ಬೆಂಗಳೂರಾಗ ನಮ್ಮ ತನಕಾ ಇಳಿಸ್ಯಾನ. ಎಲ್ಲಾ ಸರಿ ಅದ ಅಂತ ಬರದು ಕಳಸೂದು ಸಸಾರ. ಆದ್ರ ಓದೇ ಕಳಸೂಣು, ಡಾಕ್ಟರೇ."

ದೊಡ್ಡರೋಗದ ಅಧ್ಯಾಯ ಅದು. ದನಗಳಿಗೆ ಜ್ವರ, ಬಾಯಿಹುಣ್ಣು, ಭೇದಿ ಹತ್ತಿ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿಯಾಗುತ್ತಿದ್ದ ರೋಗ. ಹಳ್ಳಿಯಲ್ಲಿ ದೊಡ್ಡಬ್ಯಾನಿ ಎನ್ನುತ್ತಿದ್ದರು. ನಾಲ್ಕನೇ ಪ್ಯಾರಾದ ತಾತ್ಪರ್ಯ ಇದು: ಒಂದು ಪ್ರದೇಶದ ಜಾನುವಾರು ಮಾಲೀಕರಿಂದ ಇಂತಿಷ್ಟು ಕಾಲ ಈ ರೋಗದ ವರದಿ ಬರದಿದ್ದರೆ ಆ ಪ್ರದೇಶವನ್ನು ರೋಗಮುಕ್ತವೆಂದು ಎಣಿಸಬಹುದು. 'ಇಂತಿಷ್ಟು' ಇರಬೇಕಾದಲ್ಲಿ ಖಾಲಿ ಚೌಕ ಕಂಸವಿತ್ತು. ಅಲ್ಲಿ ಎಷ್ಟು ವರ್ಷ ಇರಬೇಕೆಂದು ಎಲ್ಲರೂ ಹೇಳಬೇಕು.

ನಾನು ಗೋಡೆ ನೋಡಿದೆ. ಅಲ್ಲಿ ಗ್ರಾಫ್ ಹಾಳೆಯ ಮೇಲೆ ಜಿಲ್ಲೆಯ ದೊಡ್ಡರೋಗದ ಗೆರೆ ಇತ್ತು. ಎಪ್ಪತ್ತರ ದಶಕದ ನಡುವಿನವರೆಗೆ ಬೇಸಿಗೆಗೊಮ್ಮೆ ಎದ್ದು, ಆಮೇಲೆ ಸಟ್ಟನೆ ಇಳಿದು ನೆಲಕ್ಕೆ ಮಲಗಿದ ಗೆರೆ. ಕೆಂಪು ಶಾಯಿಯಲ್ಲಿ ಅದನ್ನು ಎಳೆದವನು ನಾನೇ. ಬಂದ ಅಧಿಕಾರಿಗಳಿಗೆಲ್ಲ ಅದನ್ನು ತೋರಿಸಿ, ಇದು ಲಸಿಕೆಯ ಫಲ ಎನ್ನುತ್ತಿದ್ದೆವು.

"ಕಂಸ ತುಂಬೂದು ಆಮ್ಯಾಲ," ಎಂದರು ಸಾಹೇಬರು. "ಈ ಪ್ಯಾರಾ ನಮ್ಮ ಜಿಲ್ಲಾಕ್ಕ ಹಚ್ಚಿದ್ರ ನಿಲ್ತದೇನು, ನೋಡ್ಕೊಂಡು ಬರ್ರಿ. ದೇವದುರ್ಗ, ಮಾನ್ವಿ ಎರಡು ತಾಲೂಕಾ ಸಾಕು."

ದೇವದುರ್ಗ ತಾಲೂಕಿನ ಒಂದು ಸಣ್ಣ ಪಶು ದವಾಖಾನೆಗೆ ಹೋದೆ. ಊರಿನ ಹೆಸರು ಬರೆಯುವುದಿಲ್ಲ. ಫಿನಾಯಿಲಿನ ವಾಸನೆ, ದನ ನಿಲ್ಲಿಸುವ ಕಟ್ಟಿಗೆಯ ಚೌಕಟ್ಟು, ಬೇವಿನ ನೆರಳಲ್ಲಿ ಒಂದು ಮುರುಕು ಬೆಂಚು. ಅಲ್ಲಿನ ಕಂಪೌಂಡರ್ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು. ಹಳೆಯ ರಿಜಿಸ್ಟರುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟರು. ವರ್ಷದ ಪ್ರಕಾರ ಓದುತ್ತ ಬಂದೆ. ಮೊದಲ ಪುಸ್ತಕಗಳಲ್ಲಿ ಬೇಸಿಗೆಯ ತಿಂಗಳುಗಳು ತುಂಬಿದ್ದವು: ಊರು, ಸತ್ತ ದನ, ಲಕ್ಷಣ. ಒಂದು ವರ್ಷದ ಯುಗಾದಿಯ ನಂತರ ಎಲ್ಲ ನಿಲ್. ನಿಲ್, ನಿಲ್, ನಿಲ್. ಒಂದೇ ಕೈಬರಹ, ಒಂದೇ ಅಂತರ. ಇಳಿಯುತ್ತ ಬಂದು ನಿಂತದ್ದಲ್ಲ, ಕತ್ತರಿಸಿದಂತೆ ನಿಂತದ್ದು.

"ಆ ವರ್ಷ ಲಸಿಕೆ ಜಾಸ್ತಿ ಹಾಕಿದ್ರೇನು?" ಎಂದೆ.

"ಇಲ್ರಿ. ಅದಕ್ಕ ಎರಡು ವರ್ಷ ಮೊದಲ ಹಾಕಿದ್ವಿ," ಎಂದರು ಕಂಪೌಂಡರ್. ರಿಜಿಸ್ಟರಿನ ಮೇಲೆ ಬೆರಳಿಟ್ಟು, "ನಿಲ್ ಅಂದ್ರ ಜಡ್ಡು ಇಲ್ಲಂತಲ್ಲರಿ ಸರ್. ಬಂದು ಹೇಳಿದವರು ಇಲ್ಲಂತ," ಎಂದರು.

"ಮೊದಲು ಯಾರು ಬಂದು ಹೇಳ್ತಿದ್ರು? ಮಾಲೀಕರೇ?"

ಅವರು ನಕ್ಕರು. "ಮಾಲೀಕ ಯಾಕ ಹೇಳ್ತಾನ್ರಿ? ಹೇಳಿದ್ರ ನಾವು ಸಂತಿ ಬಂದ್ ಮಾಡ್ತೀವಿ. ದನ ಎಳೆಯೋರು ಹೇಳ್ತಿದ್ರು. ಮುಂಜಾನಿ ನಾ ಚಾ ಕುಡಿಯೂವಾಗ ಬಾಗಲದ ಹೊರಗ ನಿಂತು, ಇಂಥಾ ಊರಾಗ ಎರಡು ಬಿದ್ದಾವ್ರಿ, ಕರಳು ಹಿಂಗಿತ್ರಿ ಅಂತ. ನಾ ಬರಕೋತಿದ್ದೆ. ಆ ವರ್ಷ ಅವರು ಆ ಕೆಲಸ ಬಿಟ್ರು. ಛಲೋನ ಮಾಡಿದ್ರು ಬಿಡ್ರಿ. ಆದ್ರ ನಮ್ಮ ರಿಜಿಸ್ಟರಿಗೆ ಕಿವಿ ಇಲ್ಲದಂಗಾತು."

ನಾನು ರಿಜಿಸ್ಟರಿನ ಆ ಯುಗಾದಿಯ ಪುಟಕ್ಕೆ ಮರಳಿದೆ. ಆ ವರ್ಷ ನನಗೆ ಬೇರೆ ಕಾರಣಕ್ಕೆ ಗೊತ್ತಿತ್ತು. ಮಾನ್ವಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ನನ್ನ ದೊಡ್ಡಪ್ಪ, ನೀಲಿ ಕೋಟಿನ ಫೋಟೊದ ಮುಂದೆ ಕೇರಿಯವರನ್ನೆಲ್ಲ ನಿಲ್ಲಿಸಿ, ಇನ್ನು ಸತ್ತ ದನ ಎಳೆಯುವುದಿಲ್ಲ, ಸುಲಿಯುವುದಿಲ್ಲ ಎಂದು ಪ್ರಮಾಣ ಮಾಡಿಸಿದ ವರ್ಷ ಅದು. ಊರು ಸುಮ್ಮನೆ ಬಿಡಲಿಲ್ಲ. ಹಿಟ್ಟಿನ ಗಿರಣಿ ಅವರಿಗೆ ಬಂದ್ ಆಯಿತು, ಕೂಲಿ ಬಂದ್ ಆಯಿತು. ನುಚ್ಚು ಒರಳಲ್ಲಿ ಕುಟ್ಟಿಕೊಂಡು ಒಂದು ಬೇಸಿಗೆ ದಾಟಿದರು. ಸುತ್ತಲ ಹಳ್ಳಿಗಳ ಬೀಗರು ಅದನ್ನು ಕೇಳಿ ತಾವೂ ಬಿಟ್ಟರು. ನನ್ನ ಅಪ್ಪ ಅದಕ್ಕೂ ಮೊದಲೇ ರಾಯಚೂರಿಗೆ ಬಂದು ಜಿನ್ನಿನಲ್ಲಿ ಮೂಟೆ ಹೊರುತ್ತಿದ್ದ. ನಾನು ಪೇಟೆಯಲ್ಲಿ ಓದಿದೆ, ನೌಕರಿ ಹಿಡಿದೆ. ಕಚೇರಿಯಲ್ಲಿ ಯಾರೂ ನನ್ನ ಊರು ಕೇರಿ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಳೆದ ಮೂರು ವರ್ಷದ ಜಿಲ್ಲಾ ವರದಿಗಳಲ್ಲಿ ಆ ನಿಲ್‌ಗಳ ಕೆಳಗೆ ಇದ್ದದ್ದು ನನ್ನ ಸಹಿ.

ಮರುದಿನ ಕಂಪೌಂಡರನ್ನು ಕರೆದುಕೊಂಡು ಅರಕೇರಾ ಕಡೆಯ ಒಂದು ಹಳ್ಳಿಗೆ ಹೋದೆ. ಕುರಿ, ಹೊಲ ಎರಡೂ ಇದ್ದ ಒಂದು ಮನೆ. ಕೊಟ್ಟಿಗೆಯಲ್ಲಿ ಮೂರು ಗೂಟ, ಒಂದು ಎತ್ತು. ಖಾಲಿ ಗೂಟಗಳ ಸುತ್ತ ನೆಲ ಹೊಸದಾಗಿ ಸಾರಿಸಿತ್ತು. ಬಾಗಿಲಿಗೆ ಬ್ಯಾನಿ ಬಂದಾಗ ಕಟ್ಟುವ ಬೇವಿನ ಸೊಪ್ಪು.

"ಎಲ್ಲಾ ಆರಾಮ ಅದಾವ್ರಿ," ಎಂದ ರೈತ.

"ಇನ್ನೆರಡು ಎತ್ತು?"

"ಬೀಗರ ಊರಿಗೆ ಕಳಿಸೀವ್ರಿ."

ಒಳಗಿನಿಂದ ಮುದುಕಿಯ ದನಿ ಬಂತು. "ಯಾವ ಬೀಗರೋ ತಮ್ಮಾ? ನನಗೂ ಹೇಳು, ಹೋಗಿ ನೋಡ್ಕೊಂಡು ಬರ್ತೀನಿ."

"ಸುಮ್ಕುಂದ್ರಬೇ ಯವ್ವಾ," ಎಂದ ಅವನು, ನಮ್ಮ ಕಡೆ ನೋಡದೆ.

ಉಳಿದ ಎತ್ತಿನ ಜ್ವರ ನೋಡಿದೆ. ನೂರೈದು ಡಿಗ್ರಿಯ ಮೇಲಿತ್ತು. ಕಣ್ಣಿಂದ ಕೆನ್ನೆಗೆ ನೀರಿಳಿದು ಕೂದಲು ಅಂಟಿತ್ತು. ಕೆಳತುಟಿ ಮಗುಚಿದರೆ ಒಸಡಿನ ಮೇಲೆ ತವಡು ಉದುರಿಸಿದ ಹಾಗೆ ಸಣ್ಣ ಬಿಳಿ ಕಣಗಳು. ಇಷ್ಟರಿಂದ ದೊಡ್ಡರೋಗ ಎಂದು ಬರೆದುಬಿಡುವಂತಿಲ್ಲ. ಹೀಗೆಯೇ ಕಾಣುವ ಬೇರೆ ರೋಗಗಳಿವೆ. ಸತ್ತ ಕೂಡಲೇ ಹೊಟ್ಟೆ ತೆರೆದು ನೋಡಬೇಕು, ಗುಲ್ಮ, ಅಂದರೆ ಸ್ಪ್ಲೀನ್, ಮತ್ತು ಗ್ರಂಥಿಯ ತುಂಡುಗಳನ್ನು ಮಂಜುಗಡ್ಡೆಯಲ್ಲಿಟ್ಟು ಬೆಂಗಳೂರಿನ ಪ್ರಯೋಗಾಲಯಕ್ಕೆ ಒಯ್ಯಬೇಕು. ರಾಯಚೂರಿನ ಬಿಸಿಲಿಗೆ ನಾಲ್ಕೈದು ತಾಸು ತಡವಾದರೂ ಅವು ಕೊಳೆತು ಏನನ್ನೂ ಹೇಳಲಾರವು.

"ಇದಕ್ಕ ಹೆಚ್ಚುಕಮ್ಮಿ ಆದ್ರ ಆ ಕ್ಷಣಾನ ಹೇಳಿ ಕಳಿಸ್ರಿ," ಎಂದೆ.

"ಹೂಂ ರೀ," ಎಂದ. ಕಳಿಸುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮುಂಗಾರು ಹತ್ತಿರ ಬಂದಿತ್ತು. ಸಂತೆ ಬಂದ್ ಆದರೆ ಅವನಿಗೆ ಬಿತ್ತಲು ಎತ್ತು ಸಿಗುವುದಿಲ್ಲ.

ಆ ಸಂಜೆಯೇ ಮಾನ್ವಿ ಬಸ್ಸು ಹತ್ತಿ ದೊಡ್ಡಪ್ಪನ ಮನೆಗೆ ಹೋದೆ. ಐದು ವರ್ಷವಾಗಿತ್ತು ಹೋಗಿ. ದೊಡ್ಡವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ಮುಂದೆ ಕೂತು, ನಾನು ತಿನ್ನುವುದನ್ನು ನೋಡುತ್ತಿದ್ದಳು. ಮಾತು ಆಡಿದ್ದು ದೊಡ್ಡಪ್ಪ.

"ಹಾದಿ ಮರತಿಲ್ಲಲ್ಲ?"

"ಇಲ್ಲ ದೊಡ್ಡಪ್ಪಾ."

"ಬಸ್ಸಿನವ್ರು ತಂದು ಬಿಟ್ರಂತ ಬಂದಿಯೋ, ಕೆಲಸ ಅದಂತ ಬಂದಿಯೋ?"

ಕೆಲಸವಿದೆ ಎಂದೆ. ಬಚ್ಚಿಟ್ಟು ಪ್ರಯೋಜನವಿರಲಿಲ್ಲ. ಕರಡು, ನಾಲ್ಕನೇ ಪ್ಯಾರಾ, ಅರಕೇರಾ ಕಡೆಯ ಆ ಜ್ವರದ ಎತ್ತು, ನಿಲ್‌ಗಳು, ಎಲ್ಲ ಹೇಳಿದೆ. ಕೊನೆಗೆ ಕೇಳಿದೆ: "ಈ ವರ್ಷಗಳಾಗ ದೊಡ್ಡಬ್ಯಾನಿ ಬಂದಿತ್ತೇನು?"

"ನಾವು ಬಿಟ್ವಿ ಅಂತ ದನ ಸಾಯೂದು ಬಿಡ್ತಾವೇನು?" ಎಂದ. "ಹೋದ ವರ್ಷದ ಹಿಂದಿನ ಬ್ಯಾಸಗ್ಯಾಗ ಹಳ್ಳದ ಕಡೆ ರಣಹದ್ದು ನೋಡಿದ್ರ ಆಕಾಶ ಕಾಣತಿದ್ದಿಲ್ಲ. ಮಾಲೀಕರು ತಾವ ಎಳದು ಒಗದು ಬರ್ತಿದ್ರು, ಮಾರಿಗೆ ಟಾವೆಲ್ ಸುತಗೊಂಡು. ನಾವು ದೂರಿಂದ ನೋಡಿ ಸುಮ್ಮನಾದ್ವಿ. ಯಾರಿಗೆ ಹೇಳೂದು? ಯಾಕ ಹೇಳೂದು?"

ಆ ರಣಹದ್ದುಗಳೂ ಈಗ ಇಲ್ಲ. ಆಗ ನಮಗೆ ಅವು ಕಾಗೆಗಳಷ್ಟೇ ಸಾಮಾನ್ಯವಾಗಿದ್ದವು.

"ಅದನ್ನ ಬರದು ಕಳಿಸಬೇಕಂತೀನಿ," ಎಂದೆ. "ಸತ್ತ ದನ ಎಳೆಯೋರನ್ನ ಕೇಳದ ರೋಗ ಇಲ್ಲಂತ ಹೇಳಬಾರದು, ಅಂತ."

ದೊಡ್ಡಪ್ಪನ ಮುಖ ಬದಲಾಯಿತು. ಸಿಟ್ಟಲ್ಲ ಅದು, ಬಹಳ ದಣಿದವನ ಮುಖ.

"ನಿಮ್ಮ ಕಾಗದದಾಗ ನಮ್ಮ ಹೆಸರು ಬಂತಂದ್ರ ಏನಾಗ್ತದ ಗೊತ್ತೇನು? ನಾಳೆ ಗೌಡ ಅದನ್ನ ಹಿಡಕೊಂಡು ಕೇರಿಗೆ ಬರ್ತಾನ. ಸರಕಾರದ ಹುಕುಂ ಬಂದದ, ದನ ಎಳೆಯೋರು ಇರಬೇಕಂತ, ಬರ್ರಿ, ಕಾಲು ಹಿಡೀರಿ ಅಂತಾನ. ಒರಳಾಗ ಕುಟಗೊಂಡು ತಿಂದು ಬಿಟ್ಟೀವಿ ಅದನ್ನ. ನೀ ಸಾಲಿ ಕಲ್ತು ಮತ್ತ ನಮ್ಮ ಕೊಳ್ಳಿಗೆ ಕಟ್ಟಬ್ಯಾಡ."

ಬರೆಯದಿದ್ದರೆ ಸೊನ್ನೆ ಸುಳ್ಳಾಗಿಯೇ ಉಳಿಯುತ್ತದೆ. ಬರೆದರೆ ಆ ಸತ್ಯದ ಭಾರ ಅದೇ ಹೆಗಲ ಮೇಲೆ ಬೀಳುತ್ತದೆ. ರೊಟ್ಟಿ ತಣ್ಣಗಾಗುತ್ತಿತ್ತು. "ಹೆಸರು ಬರೂದಿಲ್ಲ, ದೊಡ್ಡಪ್ಪಾ," ಎಂದೆ. ಹೇಗೆ ಬರದಂತೆ ಬರೆಯುವುದೆಂದು ನನಗೇ ತಿಳಿದಿರಲಿಲ್ಲ.

ಬೆಳಿಗ್ಗೆ ನಾನು ಹೊರಡುವಾಗ ಅವನೂ ಟಾವೆಲ್ ಹೆಗಲಿಗೆ ಹಾಕಿಕೊಂಡು ಬಂದ. "ಆ ಎತ್ತಿನ ಊರಾಗ ನಮ್ಮ ಬೀಗರ ಮನಿ ಅದ. ಎರಡು ಮೂರು ದಿನ ಇರ್ತೀನಿ. ಎತ್ತು ಬಿದ್ರ ನನಗ ಗೊತ್ತಾಗ್ತದ, ದವಾಖಾನಿಗೆ ಹೇಳಿ ಕಳಿಸ್ತೀನಿ. ಮುಟ್ಟೂದಿಲ್ಲ ಮತ್ತ. ಕೊಯ್ಯಾಂವ ನೀ."

ನಾನು ದವಾಖಾನೆಯಲ್ಲೇ ಉಳಿದೆ. ರಾಯಚೂರಿನ ಬರ್ಫ್ ಫ್ಯಾಕ್ಟರಿಯಿಂದ ದಿನಾ ಮೊದಲ ಬಸ್ಸಿಗೆ ಒಂದು ಗಟ್ಟಿ, ಕಟ್ಟಿಗೆಹೊಟ್ಟಿನಲ್ಲಿ ಹೂತು ಗೋಣಿ ಸುತ್ತಿ, ಡ್ರೈವರನ ಕಾಲ ಬಳಿ ಇಡಿಸಿಕೊಂಡು ಬರುತ್ತಿತ್ತು. ಹೊರಟಾಗ ಮೊಳದುದ್ದ, ಇಳಿದಾಗ ಗೇಣುದ್ದ. ಮೊದಲ ದಿನ ಅದು ಕರಗಿ ನೀರಾಯಿತು. ಎರಡನೆಯ ದಿನವೂ ಅಷ್ಟೆ. ಕಂಪೌಂಡರ್ ಆ ನೀರಿನಲ್ಲಿ ನಿಂಬೆಹಣ್ಣು ಹಿಂಡಿ ನನಗೊಂದು ಲೋಟ, ತನಗೊಂದು ಲೋಟ ಮಾಡಿದರು. ಮೂರನೆಯ ದಿನ ಬರ್ಫ್ ಇಳಿಸಿಕೊಳ್ಳುವಷ್ಟರಲ್ಲಿ ಬೀಗರ ಮನೆಯ ಹುಡುಗ ಸೈಕಲ್ಲಿನ ಮೇಲೆ ಬಂದ. ಎತ್ತು ಬೆಳಗಿನ ಜಾವ ಬಿದ್ದಿತ್ತು.

ನಾವು ತಲುಪುವ ಹೊತ್ತಿಗೆ ಅದನ್ನು ಹಳ್ಳದ ದಂಡೆಗೆ ಎಳೆದಿದ್ದರು. ರೈತ, ಅವನ ಇಬ್ಬರು ತಮ್ಮಂದಿರು, ಊರಗೌಡ. ಹತ್ತು ಹೆಜ್ಜೆ ಆಚೆ, ಜಾಲಿಗಿಡದ ಅರೆನೆರಳಲ್ಲಿ ಬಿಳಿ ಧೋತರದ ದೊಡ್ಡಪ್ಪ. ನನ್ನನ್ನು ನೋಡಿ ರೈತ ಬೆಚ್ಚಿದ. ಯಾರು ಹೇಳಿ ಕಳಿಸಿದರೆಂದು ಕೇಳಲಿಲ್ಲ. ಅವನ ಕೈಯಲ್ಲಿ ಎತ್ತಿನ ಕೊರಳ ಗಂಟೆ ಇತ್ತು.

ನಾನು ತೋಳು ಮಡಿಸಿ ಚಾಕು ತೆಗೆದೆ. ಇಷ್ಟು ದೊಡ್ಡ ದನವನ್ನು ಒಬ್ಬನೇ ತೆರೆಯಲು ಬರುವುದಿಲ್ಲ. ಮೇಲಿನ ಹಿಂಗಾಲನ್ನು ಯಾರಾದರೂ ಎತ್ತಿ ಹಿಡಿಯಬೇಕು. ಗೌಡ ಅದನ್ನು ನೋಡಿ ಜಾಲಿಗಿಡದ ಕಡೆ ತಿರುಗಿದ.

"ಏ, ದೂರ ಯಾಕ ನಿಂತೀಲೇ? ಬಾ, ಕಾಲು ಹಿಡಿ. ಡಾಕ್ಟರು ಒಬ್ಬರ ಏನ್ ಮಾಡ್ತಾರ?"

ದೊಡ್ಡಪ್ಪ ಅಲುಗಲಿಲ್ಲ. ಅವನು ನನ್ನ ಕಡೆ ನೋಡಿದ್ದರೆ ಸುಲಭವಾಗುತ್ತಿತ್ತೇನೋ. ಅವನು ಹಳ್ಳದ ನೀರು ನೋಡುತ್ತಿದ್ದ.

"ಗೌಡ್ರ, ಅವರು ನನ್ನ ದೊಡ್ಡಪ್ಪ," ಎಂದೆ. "ಅವರು ಮುಟ್ಟೂದಿಲ್ಲ."

ಕಂಪೌಂಡರ್ ಫ್ಲಾಸ್ಕಿನ ಮುಚ್ಚಳ ತಿರುವುತ್ತಿದ್ದವರು ತಿರುವುವುದನ್ನು ನಿಲ್ಲಿಸಿದರು. ಗೌಡ ನನ್ನ ಕೈಗಡಿಯಾರ ನೋಡಿದ, ಬೂಟು ನೋಡಿದ, ಆಮೇಲೆ ಮುಖ ನೋಡಿದ.

"ಹಂಗಾರ ಕಾಲು ಯಾರು ಹಿಡೀಬೇಕ್ರಿ?"

"ಎತ್ತು ಯಾರದೋ ಅವರು."

ಆಮೇಲೆ ರೈತ ಗಂಟೆಯನ್ನು ತಮ್ಮನ ಕೈಗೆ ಕೊಟ್ಟು ಬಂದು ಕಾಲು ಹಿಡಿದ. "ನಮ್ಮದ ಎತ್ತು. ಹಾಲು ಹಲ್ಲಿನಿಂದ ಸಾಕೀನಿ. ನಂಗೇನು ಹೊಲಸು?" ಎಂದ, ಯಾರಿಗೂ ಅಲ್ಲ ಎಂಬಂತೆ. ಗೌಡ ಟಾವೆಲನ್ನು ಮೂಗಿಗೆ ಹಿಡಿದ, ಹೋಗಲಿಲ್ಲ.

ನಾನು ಕಾಲೇಜಿನಲ್ಲಿ ಕಲಿತದ್ದು ಕ್ರಮವಾಗಿ: ಎದೆ, ಹೊಟ್ಟೆ, ಜಠರದ ನಾಲ್ಕು ಕೋಣೆ. ಸಣ್ಣ ಕರುಳಿಗೆ ಕೈ ಹಾಕಿದೆ. ಜಾಲಿಗಿಡದ ಕಡೆಯಿಂದ ದನಿ ಬಂತು.

"ಸಣ್ಣ ಕರಳು ಬಿಡು. ಅದು ಆಮ್ಯಾಲ. ಕಡೀಕಿಂದು ತಗಿ."

ತೆಗೆದೆ.

"ಇನ್ನೂ ಕೆಳಗ. ಹೂಂ. ಉದ್ದಕ್ಕ ಸೀಳು, ಅಡ್ಡ ಕೊಯ್ಯಬ್ಯಾಡ. ಈಗ ನೀರು ಹಾಕು. ನಿಧಾನ. ಉಜ್ಜಬ್ಯಾಡ, ಉಜ್ಜಿದ್ರ ಹೋಗ್ತದ."

ಕಂಪೌಂಡರ್ ಹಳ್ಳದಿಂದ ನೀರು ತಂದು ಸುರಿದರು. ಹೊಲಸು ಸರಿದು ಕರುಳಿನ ಒಳಮೈ ಕಂಡಿತು. ಮಡಿಕೆ ಮಡಿಕೆಯ ಏಣಿನ ಮೇಲೆ ಕೆಂಪುಗಪ್ಪು ಗೆರೆ, ಒಂದರ ಪಕ್ಕ ಒಂದು, ಗುದದ ತನಕ. ನಮ್ಮ ಪಠ್ಯದಲ್ಲಿ ಇದಕ್ಕೆ ಜೀಬ್ರಾ ಪಟ್ಟೆ ಎಂದಿತ್ತು. ನಾವ್ಯಾರೂ ಜೀಬ್ರಾ ಕಂಡಿರಲಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು.

"ಅದ ಏನು?" ಎಂದ ದೊಡ್ಡಪ್ಪ, ಹತ್ತು ಹೆಜ್ಜೆ ಆಚೆಯಿಂದಲೇ.

"ಅದ, ದೊಡ್ಡಪ್ಪಾ."

"ಹುಲಿಪಟ್ಟಿ," ಎಂದ. "ನಮ್ಮಪ್ಪ ಹುಲಿಪಟ್ಟಿ ಅಂತಿದ್ದ." ಮತ್ತೆ ಹಳ್ಳದ ಕಡೆ ತಿರುಗಿದ.

ಗುಲ್ಮದ ಒಂದು ತುಂಡು, ಭುಜದ ಮುಂದಿನ ಗ್ರಂಥಿ, ಕರುಳಿನ ಪೊರೆಯ ಗ್ರಂಥಿಗಳು, ಬೇರೆ ಬೇರೆ ಬಾಟಲಿ, ಬೇರೆ ಬೇರೆ ಚೀಟಿ. ದನವನ್ನು ಆಳದ ಕುಣಿಯಲ್ಲಿ ಸುಣ್ಣ ಹಾಕಿ ಮುಚ್ಚಿಸಿದೆವು. ಕುಣಿಯನ್ನು ತೋಡಿದ್ದು ರೈತ ಮತ್ತು ಅವನ ತಮ್ಮಂದಿರು. ಬಾಟಲಿಗಳನ್ನು ನಾನೇ ರೈಲಿನಲ್ಲಿ ಒಯ್ದೆ. ಗುಂತಕಲ್ಲಿನಲ್ಲಿ ಸೋಡಾ ಅಂಗಡಿಯವನಿಂದ ಬರ್ಫ್ ಬೇಡಿ ಫ್ಲಾಸ್ಕಿಗೆ ತುಂಬಿದೆ. ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಯ ಜೆಲ್ಲಿನಲ್ಲಿ ಎರಡು ಕುಳಿ ಮಾಡಿ, ಒಂದರಲ್ಲಿ ನಮ್ಮ ತುಂಡಿನ ರಸ, ಇನ್ನೊಂದರಲ್ಲಿ ಪರೀಕ್ಷೆಯ ಸೀರಂ ಹಾಕಿದರು. ಎರಡನೆಯ ದಿನ ಅವುಗಳ ನಡುವೆ ಕೂದಲೆಳೆಯಷ್ಟು ಬಿಳಿಗೆರೆ ಮೂಡಿತು. ನನಗೆ ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ದೊಡ್ಡರೋಗವೇ.

ತಂತಿ ಹೋಯಿತು. ಸಂತೆ ಬಂದ್ ಆಯಿತು. ಸುತ್ತಲ ಹಳ್ಳಿಗಳಿಗೆ ಲಸಿಕೆ ಹಾಕಿಸಿದೆವು. ಆ ಊರಿನಲ್ಲಿ ನನ್ನನ್ನು ಕಂಡರೆ ಬಾಗಿಲು ಎಳೆದುಕೊಳ್ಳುತ್ತಿದ್ದರು. ರೈತ ಒಮ್ಮೆ ದವಾಖಾನೆಗೇ ಬಂದು, "ನೀವು ಬ್ಯಾನಿ ಹೆಸರು ಹಿಡದು ಕರದ್ರಿ, ಅದು ಬಂತು," ಎಂದು ಹೇಳಿ ಹೋದ. ಅವನ ಊರವರು ಮುಯ್ಯಿ ಎತ್ತು ಕೊಟ್ಟು ಅವನ ಹೊಲ ಬಿತ್ತಿಸಿದರು ಎಂದು ಕಂಪೌಂಡರಿಂದ ಆಮೇಲೆ ತಿಳಿಯಿತು. ಅದು ತಿಳಿದ ದಿನ ನಾನು ಹೊಟ್ಟೆ ತುಂಬ ಉಂಡೆ.

ಸಾಹೇಬರ ಮುಂದೆ ಹಳೆಯ ವರದಿಗಳನ್ನಿಟ್ಟು, ಇವುಗಳಲ್ಲಿ ಎಷ್ಟು ನಿಜ ಎಷ್ಟು ಸುಳ್ಳು ಎಂದು ನನಗೆ ಗೊತ್ತಿಲ್ಲ, ಸಹಿ ಮಾತ್ರ ನನ್ನದು ಎಂದೆ. ಅವರು ಕನ್ನಡಕ ಒರೆಸಿದರು. "ನಿಮ್ಮ ಸಹಿ ಕೆಳಗ ನಂದೂ ಅದಲ್ರಿ. ಕುಂದರ್ರಿ, ಬರಿಯೂಣು." ಬೆಂಗಳೂರಿಗೆ ಇನ್ನೊಂದು ವಾರ ಗಡುವು ಕೇಳಿ ತಂತಿ ಕೊಟ್ಟರು. ಲಸಿಕೆ ಕೆಲಸ ಮಾಡಿಲ್ಲವೆಂದು ನಾವು ಬರೆಯಲಿಲ್ಲ, ಮಾಡಿತ್ತು. ಆದರೆ ಗೆರೆ ಎಷ್ಟು ಲಸಿಕೆಯಿಂದ ಇಳಿದಿತ್ತು, ಎಷ್ಟು ಮೌನದಿಂದ ಇಳಿದಿತ್ತು ಎಂದು ಬೇರೆ ಮಾಡುವ ದಾರಿ ನಮ್ಮಲ್ಲಿರಲಿಲ್ಲ. ಅದನ್ನು ಹೇಳಬೇಕಿತ್ತು.

ನನ್ನ ಮೊದಲ ವಾಕ್ಯದಲ್ಲಿ ಸತ್ತ ದನ ಎಳೆಯುವ ಆ ಕಸುಬಿನ ಹೆಸರಿತ್ತು. ಬರೆದು, ಓದಿ, ಹೊಡೆದುಹಾಕಿದೆ. ಸಾಹೇಬರು ಯಾಕೆಂದು ಕೇಳಿದರು. ದೊಡ್ಡಪ್ಪನ ಮಾತನ್ನು, ಯಾರ ದೊಡ್ಡಪ್ಪ ಎಂಬುದನ್ನೂ ಸೇರಿಸಿ, ಹೇಳಿದೆ. ಕಂಪೌಂಡರಿಂದ ಅವರಿಗೆ ಸುದ್ದಿ ಮುಟ್ಟಿರಲೇಬೇಕು, ತೋರಿಸಿಕೊಳ್ಳಲಿಲ್ಲ.

"ಹೆಸರು ಹಾಕದಿದ್ರ ಆ ಯುರೋಪಿನವ್ರಿಗೆ ತಿಳಿಯೂದು ಹೆಂಗ?"

ಎರ‍ಡು ದಿನ ಅದೇ ಆಯಿತು. ಹೆಸರು ಹಾಕಿದರೆ ಗೌಡನ ಕೈಗೆ ಹುಕುಂ. ಬಿಟ್ಟರೆ ವಾಕ್ಯ ಪೊಳ್ಳು. ಮೂರನೆಯ ದಿನ ಹಳ್ಳದ ದಂಡೆಯನ್ನು ನೆನೆಯುತ್ತಿದ್ದಾಗ ನನಗೆ ಹೊಳೆದದ್ದು ದೊಡ್ಡದೇನಲ್ಲ. ಅಲ್ಲಿ ದನದ ಹತ್ತಿರ ನಡೆದು ಹೋದವನು ನಾನು. ಹೋಗಬೇಕಾದವನೂ ನಾನೇ. ಹೇಳುವವರು ಬಂದು ಬಾಗಿಲ ಹೊರಗೆ ನಿಲ್ಲಲಿ ಎಂದು ಇಪ್ಪತ್ತು ವರ್ಷ ಕಾದದ್ದೇ ತಪ್ಪು. ಹೊರೆಯನ್ನು ಇಲಾಖೆಯ ಮೇಲೆ ಹಾಕಿ ಎರಡು ವಾಕ್ಯ ಬರೆದೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಮಾಲೀಕರಷ್ಟೇ ಅಲ್ಲ, ಜೀವಂತ ಅಥವಾ ಸತ್ತ ಪ್ರಾಣಿಯನ್ನು ಕಂಡ ಯಾರೇ ಆಗಲಿ ಹೇಳಿದ ಮಾತನ್ನು ವರದಿ ಎಂದು ಎಣಿಸಬೇಕು. ವರದಿ ಬಾರದಿದ್ದಲ್ಲಿ ಇಲಾಖೆಯೇ ಹೋಗಿ, ಸಂತೆಯಲ್ಲೂ ಸತ್ತ ದನ ಬಿದ್ದಲ್ಲೂ ಹುಡುಕಿರಬೇಕು; ಹುಡುಕದೆ ಬರೆದ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

"ಯಾರೇ ಆಗಲಿ ಅಂದ್ರ ಯಾರೂ ಅಲ್ಲಂತ ಆಗ್ತದ, ಡಾಕ್ಟರೇ," ಎಂದರು ಸಾಹೇಬರು.

"ಮಾಲೀಕ ಅಂತ ಬರದು ನೋಡಿದ್ವಲ್ರಿ ಸರ್. ಯಾರು ಬಂದ್ರು?"

ಅವರು ನನ್ನ ಇಂಗ್ಲಿಷಿನ ಎರಡು ವಿಶೇಷಣ ಹೊಡೆದು ಹಾಕಿ, ಸಹಿ ಮಾಡಿದರು. ಚೌಕ ಕಂಸವನ್ನು ಖಾಲಿ ಬಿಟ್ಟೆವು. ಹುಡುಕದೆ ಎಷ್ಟು ವರ್ಷವಾದರೂ ಒಂದೇ ಎಂದು ಅದರ ಪಕ್ಕ ಬರೆದೆವು. ಅದೇ ಸಂಜೆ ಸಾಹೇಬರೇ ಕುರ್ಚಿ ಹತ್ತಿ ಗೋಡೆಯ ಗ್ರಾಫ್ ಬಿಚ್ಚಿದರು. ನಾಲ್ಕು ಗುಂಡುಸೂಜಿ ನನ್ನ ಅಂಗೈಗೆ ಹಾಕಿದರು.

ಆಮೇಲೆ ಏನೂ ಆಗಲಿಲ್ಲ. ಅಂಥ ಕಾಗದಗಳು ಹೋದ ಮೇಲೆ ಹೋದವೇ. ಸಾಹೇಬರಿಗೆ ವರ್ಗವಾಯಿತು. ದವಾಖಾನೆಯಲ್ಲಿ ಕಂಪೌಂಡರ್ ವಾರಕ್ಕೊಮ್ಮೆ ಸೈಕಲ್ ಹತ್ತಿ ಹಳ್ಳದ ದಂಡೆಗಳನ್ನು ತಾವೇ ನೋಡಿಕೊಂಡು ಬರತೊಡಗಿದರು. "ಈಗ ನಾ ಹೋಗಿ ಅವರ ಬಾಗಲದ ಹೊರಗ ನಿಂದರ್ತೀನ್ರಿ. ಚಾ ಕೊಡ್ತಾರ," ಎಂದು ಒಮ್ಮೆ ಹೇಳಿದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ಅಧ್ಯಾಯದ ಹೊಸ ರೂಪವೊಂದು ನನ್ನ ಮೇಜಿಗೆ ಬಂತು. ಈ ಸಲ ಅಚ್ಚು ಮಾಡಿದ್ದು. ನಾಲ್ಕನೇ ಪ್ಯಾರಾ ಆರನೆಯದಾಗಿತ್ತು. ಇಂಗ್ಲಿಷು ನಮ್ಮದಾಗಿರಲಿಲ್ಲ, ಇನ್ನೂ ಒಣಗಿದ್ದು, ಇನ್ನೂ ಬಿಗಿಯಾದದ್ದು. ಆದರೆ ಮಾಲೀಕರ ಪಕ್ಕ 'ಯಾರೇ ಆಗಲಿ' ಎಂಬ ಆ ಮಾತು ಇತ್ತು, ಇಲಾಖೆಯೇ ಹುಡುಕಿರಬೇಕೆಂಬ ಮಾತೂ ಇತ್ತು. ಅದು ರಾಯಚೂರಿನಿಂದ ಹೋದದ್ದು ಎಂದು ನಾನು ಹೇಳಲಾರೆ. ಇಂಥ ಹಳ್ಳದ ದಂಡೆಗಳು ಎಷ್ಟೋ ದೇಶಗಳಲ್ಲಿ ಇದ್ದಿರಬೇಕು. ರೋಗ ಈಗ ಭೂಮಿಯ ಮೇಲೆಯೇ ಇಲ್ಲ. ಈಗಿನ ಪಶುವೈದ್ಯರಿಗೆ ಹುಲಿಪಟ್ಟಿ ಚಿತ್ರದಲ್ಲಷ್ಟೇ ಗೊತ್ತು.

ಆ ಹಾಳೆ ತೆಗೆದುಕೊಂಡು ಮಾನ್ವಿ ಬಸ್ಸು ಹತ್ತಿದೆ. ದೊಡ್ಡಪ್ಪನಿಗೆ ಕಣ್ಣು ಮಂಜಾಗಿತ್ತು. ಕಟ್ಟೆಯ ಮೇಲೆ ಕೂತು ಕೇಳಿದ. ನಾನು ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಓದಿದೆ.

"ನಮ್ಮ ಹೆಸರು ಇಲ್ಲಲ್ಲ?"

"ಇಲ್ಲ. ಯಾರೇ ಆಗಲಿ ಅಂತ ಅದ."

"ಯಾರೇ ಆಗಲಿ," ಎಂದ, ನಾಲಗೆಯ ಮೇಲೆ ಇಟ್ಟು ನೋಡುವವನಂತೆ. "ಎಲ್ಲಾ ದೇಶಕ್ಕೂ?"

"ಎಲ್ಲಾ ದೇಶಕ್ಕೂ."

"ಗೌಡನೂ ಬಂದು ಹೇಳಬೇಕು?"

"ಗೌಡನೂ."

ಅವನು ನಗಲು ಶುರುಮಾಡಿದ. ಕೆಮ್ಮು ಬರುವಷ್ಟು ನಕ್ಕು, ಟಾವೆಲಿನಿಂದ ಕಣ್ಣು ಒರೆಸಿಕೊಂಡು, ಒಳಗೆ ತಿರುಗಿ ದೊಡ್ಡವ್ವನನ್ನು ಕರೆದ.

"ಏ, ಒಲಿ ಬಿಟ್ಟು ಬಾ ಇಲ್ಲಿ. ಇದನ್ನೊಮ್ಮೆ ಕೇಳು. ಓದೋ ತಮ್ಮಾ, ಮತ್ತ ಮೊದಲಿಂದ ಓದು."